ಗೆದ್ದವನ ಗಾಯ: ಯುದ್ಧದಿಂದ ಉಳಿದು ಬಂದವನು ಮತ್ತು ಹಳಗನ್ನಡ ಕಾವ್ಯ

ವಾಲ್ನಟ್ ಕ್ರೀಕ್‌ನಿಂದ ಓಕ್‌ಲ್ಯಾಂಡಿನ ಕಡೆಗೆ ಹೊರಟ ಬಾರ್ಟ್ ರೈಲು ಮೊದಲು ನಿಲ್ಲುವುದು ಲಫಾಯೆಟ್‌ನಲ್ಲಿ. ಆ ನಿಲ್ದಾಣದ ಎದುರಿನ ಗುಡ್ಡದ ಇಳಿಜಾರಿನಲ್ಲಿ 2006ರ ನವೆಂಬರಿನಿಂದ ಬಿಳಿಯ ಶಿಲುಬೆಗಳು ಏಳತೊಡಗಿದವು. ಇರಾಕ್ ಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ನೆನಪಿಗೆ ನೆಟ್ಟ ಅವು ಬರಬರುತ್ತ ಸಾವಿರಾರಾದವು. ಸತ್ತವರ ಸಂಖ್ಯೆಯನ್ನು ಸಾರುವ ಫಲಕವೂ ಅಲ್ಲಿ ನಿಂತಿತು. ರೈಲು ಮುಂದೆ ಒರಿಂಡಾವನ್ನು ದಾಟಿ, ಬರ್ಕ್‌ಲಿ ಗುಡ್ಡಗಳ ಸುರಂಗವನ್ನು ಹೊಕ್ಕು ಹೊರಬರುವ ಕಡೆ 1991ರ ಅಕ್ಟೋಬರಿನ ಕಾಳ್ಗಿಚ್ಚಿಗೆ ತುತ್ತಾದ ಬೆಟ್ಟಸಾಲು ಇದೆ. ಆ ಬೆಂಕಿಯಲ್ಲಿ ಲೇಖಕಿ ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್ ಅವರ ಮನೆಯೂ, ಶಾಂತಿಯನ್ನು ಕುರಿತು ಅವರು ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯೂ ಬೂದಿಯಾದವು. ಎರಡು ವರ್ಷಗಳ ತರುವಾಯ, 1993ರಲ್ಲಿ, ಅವರು ಯುದ್ಧಗಳಿಂದ ಮರಳಿದ ಸೈನಿಕರನ್ನು ಕಲೆಹಾಕಿ ಬರವಣಿಗೆಯ ಕಮ್ಮಟವೊಂದನ್ನು ಆರಂಭಿಸಿದರು. ಅಲ್ಲಿಗೆ ಬಂದವರಲ್ಲಿ ವಿಯೆಟ್ನಾಮಿನಿಂದ ಹಿಂದಿರುಗಿ ದಶಕಗಳೇ ಕಳೆದಿದ್ದರೂ ಆ ಕಾಡಿನಿಂದ ಹೊರಬರಲಾಗದವರಿದ್ದರು. ಅವರೆಲ್ಲರ ಬರಹಗಳ ಸಂಕಲನ ಅಚ್ಚಾದದ್ದು 2006ರಲ್ಲಿ, ಎದುರು ಗುಡ್ಡದ ಮೇಲೆ ಶಿಲುಬೆಗಳು ಎದ್ದ ವರ್ಷದಲ್ಲಿಯೇ.

ಒಂದೇ ಗುಡ್ಡಸಾಲಿನ ಆಚೀಚೆ ಇರುವ ಈ ಎರಡು ಸ್ಮರಣೆಗಳು ಒಂದೇ ಬಗೆಯವಲ್ಲ. ಒಂದು ಸತ್ತವನಿಗೆ ಸಲ್ಲುವಂಥದು. ಅದಕ್ಕೆ ಗುರುತು ಸಾಕು, ಎಣಿಕೆ ಸಾಕು. ಇನ್ನೊಂದು ಬದುಕಿ ಬಂದವನಿಗೆ ಸೇರಿದ್ದು. ಅದಕ್ಕೆ ಕಥನವೇ ಬೇಕಾಗುತ್ತದೆ. ಕನ್ನಡದ ಪ್ರಾಚೀನ ಪರಂಪರೆಯಲ್ಲಿ ಮೊದಲನೆಯದು ಹೇರಳವಾಗಿದೆ. ಎರಡನೆಯದು ಎಲ್ಲಿದೆ ಎಂಬ ಪ್ರಶ್ನೆಯನ್ನು ಅಷ್ಟಾಗಿ ಯಾರೂ ಎತ್ತಿಲ್ಲ. ಅದು ಇದೆ, ಆದರೆ ಇರಬೇಕಾದವನ ಮೈಮೇಲೆ ಇಲ್ಲ.

ವೀರಗಲ್ಲಿನಿಂದಲೇ ಆರಂಭಿಸುವುದು ಯುಕ್ತ. ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಕಡೆದಿರುವ ಈ ಕಲ್ಲುಗಳ ಕಥನಕ್ರಮ ಸುಪರಿಚಿತ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಸುರಾಂಗನೆಯರು, ಮೇಲೆ ದೇವರ ಸನ್ನಿಧಿ. ಈ ಮೂರು ಹಂತಗಳಲ್ಲಿ ಎಲ್ಲಿಯೂ ಊರಿಗೆ ಮರಳುವ ದಾರಿ ಇಲ್ಲ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ ದೊರೆಯುತ್ತಿತ್ತು. ಗೆದ್ದು ಬಂದವನಿಗೂ ಬಾಳ್ಗಚ್ಚು ಎಂಬ ದತ್ತಿಯಿತ್ತು. ಕತ್ತಿಯನ್ನು ತೊಳೆದದ್ದಕ್ಕೆ ಕೊಟ್ಟದ್ದು ಎಂಬುದು ಆ ಪದದ ಅರ್ಥ. ಕತ್ತಿಗೆ ಅಂಟಿದ ನೆತ್ತರನ್ನು ತೊಳೆಯುವುದು ಒಂದು ವಿಧಿಯೆಂದೂ ಅದಕ್ಕೆ ಭೂಮಿಯ ಬೆಲೆಯಿದೆಯೆಂದೂ ಬಗೆದ ಸಮಾಜವು ಕತ್ತಿ ಹಿಡಿದವನ ಮನಸ್ಸಿನ ಬಗ್ಗೆ ಏನನ್ನು ತಿಳಿದಿತ್ತು ಎಂಬುದನ್ನು ಶಾಸನಗಳು ಹೇಳುವುದಿಲ್ಲ.

ಒಂದು ಶಾಸನ ಮಾತ್ರ ಹೇಳಿಯೂ ಹೇಳದಂತಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಶಕವರ್ಷ 872ಕ್ಕೆ, ಎಂದರೆ ಕ್ರಿ.ಶ. 949-50ಕ್ಕೆ ಸೇರಿದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧದ ನೆನಪು ಅದರಲ್ಲಿದೆ. ಬೂತುಗನ ಆಳು ಮಣಲೇರ ಆ ಯುದ್ಧದಲ್ಲಿ ಕಾದಿ ಬದುಕಿ ಉಳಿದವನು. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಅವನು ಬೇಡಿದ್ದು ಊರನ್ನಲ್ಲ, ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಅದಕ್ಕೆ ಭೂಮಿಯ ದತ್ತಿಯೂ ಆಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂಬ ಕಟ್ಟಳೆಯೂ ಸೇರಿತು. ಮಣಲೇರನಿಗೆ ಬಾಳ್ಗಚ್ಚಾಗಿ ಹಳ್ಳಿಗಳೂ ಬಂದವು. ಇದನ್ನು ಬೇಟೆಗಾರನೊಬ್ಬನ ಮೋಹವೆಂದು ಓದಲು ಯಾವ ಅಡ್ಡಿಯೂ ಇಲ್ಲ. ಶಾಸನವು ಅದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಕೊಡುವುದೂ ಇಲ್ಲ. ಆದರೂ ಸಾವಿರಾರು ಜನ ಸತ್ತ ಕಾಳಗದಿಂದ ಬಂದವನು ನಾಯಿಯೊಂದರ ಸಾವಿಗೆ ಕಲ್ಲು ನಿಲ್ಲಿಸಿದನೆಂಬ ಸಂಗತಿಯನ್ನು ಓದಿದವರು ಸುಲಭವಾಗಿ ಮರೆಯಲಾರರು.

ಬದುಕಿ ಬರುವುದು ಅಂದಿನ ಆಳಿಗೆ ಸರಳವಾದ ಸುಖವಾಗಿರಲಿಲ್ಲ. ಉಂಡ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವುದು ಜೋಳವಾಳಿ. ಒಡೆಯನೊಡನೆಯೇ ಸಾಯುವ ಭಾಷೆ ವೇಳೆವಾಳಿ. ಹೊಯ್ಸಳ ಇಮ್ಮಡಿ ಬಲ್ಲಾಳನ ಸಾವಿನೊಡನೆ ಪ್ರಾಣಬಿಟ್ಟ ಕುವರಲಕ್ಷ್ಮನ ಸ್ತಂಭ ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಈ ಕಟ್ಟಳೆಯೊಳಗೆ ಉಳಿದವನೆಂದರೆ ಸಾಲ ತೀರಿಸದವನು. ‘ನಾನೇಕೆ ಉಳಿದೆ’ ಎಂಬ ಮಾತು ಇಂದಿನ ಸೈನಿಕನ ಬಾಯಲ್ಲಿ ರೋಗದ ಲಕ್ಷಣವೆನಿಸಬಹುದು. 10ನೆಯ ಶತಮಾನದ ಆಳಿಗೆ ಅದು ಬಾಕಿ ಉಳಿದ ಲೆಕ್ಕವಾಗಿತ್ತು. ರನ್ನನ ದುರ್ಯೋಧನನನ್ನು ಓದುವಾಗ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

10ನೆಯ ಶತಮಾನದ ಕೊನೆಯ ವೇಳೆಗೆ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನ ಆಶ್ರಯದಲ್ಲಿ ರನ್ನನು ರಚಿಸಿದ ಸಾಹಸಭೀಮವಿಜಯವು ಹದಿನೆಂಟು ದಿನಗಳ ಯುದ್ಧವನ್ನು ಮೊದಲಿನಿಂದ ಹೇಳುವುದಿಲ್ಲ. ಕೊನೆಯ ದಿನದಲ್ಲಿ ನಿಂತು, ಹಿಂದಿನದನ್ನೆಲ್ಲ ಸಿಂಹಾವಲೋಕನದಿಂದ ತರುತ್ತದೆ. ಈ ತಂತ್ರವನ್ನು ವಿಮರ್ಶಕರು ಬಂಧದ ಬಿಗಿಗಾಗಿ ಹೊಗಳಿದ್ದಾರೆ, ಅದು ಸರಿಯೇ. ಆದರೆ ಬಂಧದ ಮಾತಿನಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಈ ಕಾವ್ಯದಲ್ಲಿ ಭಾರತಕಥೆ ಘಟನೆಯಾಗಿ ಬರುವುದಕ್ಕಿಂತ ಹೆಚ್ಚಾಗಿ ನೆನಪಾಗಿ ಬರುತ್ತದೆ. ಅದೂ ಕರೆದಾಗ ಬರುವ ನೆನಪಲ್ಲ, ಕಾಲಿಗೆ ತೊಡರುವ ನೆನಪು.

ತೊಡರುವುದು ಇಲ್ಲಿ ಅಲಂಕಾರವಲ್ಲ. ದುರ್ಯೋಧನನು ಸಂಜಯನೊಡನೆ ಭೀಷ್ಮನಿರುವ ಶರಶಯ್ಯೆಯ ಕಡೆಗೆ ಹೊರಟ ದಾರಿಯೇ ರಣರಂಗ. ಹೆಣಗಳ ನಡುವೆ ನಡೆಯುತ್ತ ಅವನು ಒಬ್ಬೊಬ್ಬರನ್ನೇ ಕಾಣುತ್ತಾನೆ: ದ್ರೋಣ, ಅಭಿಮನ್ಯು, ತನ್ನ ಮಗ ಲಕ್ಷ್ಮಣಕುಮಾರ, ದುಶ್ಶಾಸನ, ಕರ್ಣ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿದು, ಅವನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ತನಗೆ ಬರಲೆಂದು ಬೇಡುತ್ತಾನೆ. ಮಗನ ಹೆಣದ ಮುಂದೆ ಅವನನ್ನು ಕಾಡುವುದು ಕ್ರಮ ತಪ್ಪಿದ ಲೋಕ: ತಂದೆಗೆ ಮಗನು ತರ್ಪಣದ ನೀರು ಬಿಡಬೇಕಾಗಿತ್ತು, ಈಗ ಅದು ತಿರುವುಮುರುವಾಗಿದೆ. ದುಶ್ಶಾಸನನ ಮುಂದೆಯೂ ಅದೇ ಮಾತು ಇನ್ನೊಂದು ರೂಪದಲ್ಲಿ ಮರುಕಳಿಸುತ್ತದೆ. ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲೂ ಅಣ್ಣನ ತರುವಾಯ ಬಂದ ತಮ್ಮನು ಸಾವಿನಲ್ಲಿ ಮಾತ್ರ ಮುಂದಾಗಿದ್ದಾನೆ. ಅದಕ್ಕಿಂತ ಕಹಿಯಾದದ್ದು, ತಮ್ಮನನ್ನು ಕೊಂದವನೂ ಬದುಕಿದ್ದಾನೆ, ತಾನೂ ಬದುಕಿದ್ದೇನೆ ಎಂಬ ಅರಿವು. ಕರ್ಣನ ಮುಂದೆ ಮಾತು ಮತ್ತಷ್ಟು ಆಳಕ್ಕಿಳಿಯುತ್ತದೆ. ಕರ್ಣನ ಹುಟ್ಟಿನ ಗುಟ್ಟನ್ನು ಬಲ್ಲವರ ಪಟ್ಟಿಯಲ್ಲಿ ತನ್ನನ್ನೂ ಸೇರಿಸಿಕೊಳ್ಳುವ ದುರ್ಯೋಧನನು, ತಿಳಿದೂ ಗೆಳೆಯನನ್ನು ಅವನ ತಮ್ಮಂದಿರ ಮೇಲೆಯೇ ಬಿಟ್ಟೆನೆಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಬಿಟ್ಟದ್ದರಲ್ಲಿಯೇ ಆ ವಿಲಾಪದ ಭಾರವಿದೆ.

ಈ ನಡಿಗೆಯಲ್ಲಿ ಮರುಳೊಂದು ಅವನನ್ನು ಹಂಗಿಸುವ ಸಂದರ್ಭವು ಪಠ್ಯಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತ. ರಣರಂಗದಲ್ಲಿ ಮರುಳುಗಳ ಕುಣಿತವನ್ನು ವರ್ಣಿಸುವುದು ಕವಿಸಮಯವೇ ಆಗಿತ್ತು. ರನ್ನನು ಆ ಸಮಯವನ್ನು ಹಿಡಿದು ಭಾಷೆಯೊಳಗಿನ ಒಂದು ಬಿರುಕನ್ನು ತೆರೆಯುತ್ತಾನೆ. ‘ಮರುಳ್’ ಎಂದರೆ ಪಿಶಾಚಿ. ‘ಮರುಳ್’ ಎಂದರೆ ಭ್ರಾಂತಿ, ಹುಚ್ಚು. ತಮಿಳಿನ ಸಜಾತೀಯ ಪದದಲ್ಲಿಯೂ ಭ್ರಮೆಯ ಅರ್ಥವಿದೆ. ಮರುಳು ದೊರೆಯನ್ನು ಕೇಳುವುದು ಇಬ್ಬರಲ್ಲಿ ಮರುಳು ಯಾರು ಎಂಬುದನ್ನೇ. ಇದನ್ನು ಹಾಸ್ಯರಸದ ಉದಾಹರಣೆಯೆಂದು ಬಿಟ್ಟುಬಿಡುವ ರೂಢಿ ಪದದ ಇತಿಹಾಸಕ್ಕೆ ನ್ಯಾಯ ಸಲ್ಲಿಸುವುದಿಲ್ಲ. ಸತ್ತವರ ನಡುವೆ ಬದುಕಿರುವವನು, ಸತ್ತ ಮೇಲೂ ತಿರುಗುವುದು, ಬುದ್ಧಿ ತಿರುಗಿದವನು, ಈ ಮೂವರಿಗೂ ಕನ್ನಡವು ಒಂದೇ ಶಬ್ದವನ್ನು ಕೊಟ್ಟಿತ್ತು. ರನ್ನನು ಆ ಮೂವರನ್ನೂ ಒಂದೇ ಹೊಲದಲ್ಲಿ ತಂದು ನಿಲ್ಲಿಸಿದನು.

ತರುವಾಯ ವೈಶಂಪಾಯನ ಸರೋವರ. ನೀರಿನ ತಳದಲ್ಲಿ ಅಡಗಿದವನು ಭೀಮನ ಗರ್ಜನೆಯನ್ನು ಕೇಳಿ ಆ ನೀರಿನೊಳಗೂ ಬೆವರುತ್ತಾನೆ. ಈ ಪದ್ಯದ ಚಮತ್ಕಾರವನ್ನು ಕುರಿತು ಬಹಳ ಚರ್ಚೆ ನಡೆದಿದೆ: ಬೆವರಿದ್ದು ಭಯದಿಂದಲೋ ಕೋಪದಿಂದಲೋ ಎಂದು. ಪಠ್ಯವು ಕೋಪದ ಕಡೆಗೇ ವಾಲುತ್ತದೆ. ಆದರೆ ದೇಹವು ದೊರೆಯ ನಿರ್ಧಾರಕ್ಕೆ ಕಾಯದೆ ಶಬ್ದಕ್ಕೆ ತಾನಾಗಿ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಎರಡೂ ಪಕ್ಷಗಳು ಒಪ್ಪಲೇಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಯುದ್ಧಾನಂತರದ ಮಾನಸಿಕ ಆಘಾತವು ರೋಗದ ಹೆಸರನ್ನು ಪಡೆದದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಹೊರತಂದ ರೋಗನಿರ್ಣಯ ಕೈಪಿಡಿಯ 3ನೆಯ ಆವೃತ್ತಿಯಲ್ಲಿ. ಅದನ್ನು ಸಾವಿರ ವರ್ಷ ಹಿಂದಿನ ಚಂಪುವಿಗೆ ಅಂಟಿಸುವುದು ಕಾಲವ್ಯತ್ಯಯವಲ್ಲವೇ? ಅಂಟಿಸಿದರೆ ಹೌದು. ಬಾಸ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಜೊನಾಥನ್ ಶೇ 1994ರಲ್ಲಿ ‘ವಿಯೆಟ್ನಾಂನಲ್ಲಿ ಅಕಿಲೀಸ್’ ಎಂಬ ಗ್ರಂಥದಲ್ಲಿ ಬೇರೆಯದನ್ನು ಮಾಡಿದರು. ಹೋಮರನಿಗೆ ರೋಗನಿರ್ಣಯ ಮಾಡುವ ಬದಲು, ತಮ್ಮ ರೋಗಿಗಳ ಮಾತನ್ನು ಕೇಳಲು ಹೋಮರನಿಂದ ಕಲಿತರು: ನಾಯಕನೇ ಧರ್ಮ ತಪ್ಪಿದಾಗ ಆಗುವ ಗಾಯ, ಜೊತೆಗಾರನ ಸಾವಿನ ಪಾಪಪ್ರಜ್ಞೆ, ಎಲ್ಲ ಮೇರೆಯನ್ನೂ ಮೀರಿದ ರೋಷಾವೇಶ. ಈ ಮೂರನೆಯದನ್ನು ಕಂಡ ಕನ್ನಡ ಓದುಗನಿಗೆ ದುರ್ಯೋಧನನಿಗಿಂತ ಮೊದಲು ನೆನಪಾಗುವವನು ಭೀಮ. ತಮ್ಮನ ವಯಸ್ಸಿನ ದಾಯಾದಿಯ ಎದೆ ಬಗಿದು ನೆತ್ತರು ಕುಡಿದವನು ಆ ರಾತ್ರಿ ನಿದ್ದೆ ಮಾಡಿದನೇ? ರನ್ನನು ಕೇಳುವುದಿಲ್ಲ. ಅವನು ಭೀಮನಿಗೆ ಪಟ್ಟ ಕಟ್ಟಿ ಕಾವ್ಯವನ್ನು ಮುಗಿಸುತ್ತಾನೆ.

ಕೇಳಲು ಸಾಧ್ಯವೂ ಇರಲಿಲ್ಲ. ಭೀಮನೆಂದರೆ ಸತ್ಯಾಶ್ರಯ, ಕಾವ್ಯ ನಡೆಯುವುದೇ ಆ ಅಭೇದದ ಮೇಲೆ. ಆಸ್ಥಾನದಲ್ಲಿ ಕುಳಿತ ದೊರೆಗೆ ದುಃಸ್ವಪ್ನ ಬೀಳುತ್ತದೆಂದು ಹಾಡುವ ಕವಿಯಿಲ್ಲ. ಹೀಗೆ ಗೆದ್ದವನ ಮೈಮೇಲೆ ತೋರಿಸಲಾಗದ ಗಾಯವನ್ನು ರನ್ನನು ಸೋತವನ ಮೈಮೇಲೆ ತೋರಿಸಿದನು. ದುರ್ಯೋಧನನಿಗೆ ಕವಿ ತೋರಿದ ಔದಾರ್ಯವೆಂದು ವಿಮರ್ಶೆ ಗುರುತಿಸಿದ್ದು ಇದನ್ನೇ. ಆದರೆ ಔದಾರ್ಯ ಎಂಬ ಮಾತು ಸಾಲದು. ಚೋಳರೊಡನೆ ಬಿಡುವಿಲ್ಲದೆ ಕಾದುತ್ತಿದ್ದ ನಾಡು ಅದು. ಚೋಳಸೇನೆಯ ಕ್ರೌರ್ಯವನ್ನು 1007ರ ಹೊಟ್ಟೂರು ಶಾಸನ ಬಣ್ಣಿಸುತ್ತದೆ. ಆ ಸಭೆಯಲ್ಲಿ ಕಾವ್ಯವನ್ನು ಕೇಳಿದವರಲ್ಲಿ ತಮ್ಮನ ಹೆಣವನ್ನು ದಾಟಿ ಬಂದವರು ಇದ್ದೇ ಇರಬೇಕು. ಅವರು ಅಳಲು ಅವಕಾಶವಿದ್ದದ್ದು ಶತ್ರುವಿನ ಹೆಸರಿನಲ್ಲಿ ಮಾತ್ರ.

ಗ್ರೀಸಿನಲ್ಲಿಯೂ ಹೀಗೆಯೇ ಆಗಿತ್ತು. ಮ್ಯಾರಥಾನಿನಲ್ಲಿ ಸ್ವತಃ ಕಾದಿದ್ದ ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಅಥೆನ್ಸಿನ ಗೆಲುವನ್ನು ರಂಗಕ್ಕೆ ತಂದಾಗ ತೋರಿಸಿದ್ದು ಸೋತ ಪಾರಸಿಕರ ಅರಮನೆಯ ಗೋಳನ್ನು.

ಪಂಪನ ಪರಿಹಾರ ಇನ್ನೊಂದು ಬಗೆಯದು, ಬಹುಶಃ ಹೆಚ್ಚು ದಿಟ್ಟವಾದದ್ದು. ಕವಿಯೂ ಕಲಿಯೂ ಆಗಿದ್ದನೆಂದು ಪರಂಪರೆ ಹೇಳುವ ಅವನು ಕ್ರಿ.ಶ. 941ರ ಸುಮಾರಿಗೆ ಎರಡು ಕೃತಿಗಳನ್ನು ಬರೆದು, ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗಿದನು. ಈ ವಿಭಜನೆಯನ್ನು ಸಾಮಾನ್ಯವಾಗಿ ಧರ್ಮ ಮತ್ತು ಲೋಕಗಳ ವಿಭಜನೆಯೆಂದು ತಿಳಿಯುತ್ತಾರೆ. ಯುದ್ಧದ ದೃಷ್ಟಿಯಿಂದ ನೋಡಿದರೆ ಅದು ಗೆದ್ದವನ ವಿಭಜನೆ. ವಿಕ್ರಮಾರ್ಜುನವಿಜಯದಲ್ಲಿ ಗೆದ್ದ ಅರ್ಜುನನು ಅರಿಕೇಸರಿಯಾಗಿ ಪಟ್ಟವೇರುತ್ತಾನೆ. ಆದಿಪುರಾಣದಲ್ಲಿ ಗೆದ್ದ ಬಾಹುಬಲಿಯು ಗೆದ್ದ ಗಳಿಗೆಯಲ್ಲಿಯೇ ಪಟ್ಟವನ್ನು ಬಿಡುತ್ತಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಸೋತ ಅಣ್ಣನು ನಿಯಮ ಮುರಿದು ಚಕ್ರವನ್ನು ಪ್ರಯೋಗಿಸಿದಾಗ, ಅದು ಬಾಹುಬಲಿಯನ್ನು ಮುಟ್ಟುವುದಿಲ್ಲ. ಮೈಗೆ ಗಾಯವಾಗದವನಿಗೆ ರಾಜ್ಯದ ಮೇಲೆ ಹೇಸಿಗೆ ಹುಟ್ಟುವುದು ಆಗಲೇ.

ಕಥೆ ಅಲ್ಲಿಗೆ ಮುಗಿದಿದ್ದರೆ ಅದು ವೈರಾಗ್ಯದ ಕಥೆಯಾಗುತ್ತಿತ್ತು, ಅಷ್ಟೆ. ಆದರೆ ಒಂದು ವರ್ಷ ಕದಲದೆ ನಿಂತ ತಪಸ್ವಿಗೆ, ಬಳ್ಳಿ ಹಬ್ಬಿ ಹುತ್ತ ಬೆಳೆದರೂ, ಕೇವಲಜ್ಞಾನವಾಗುವುದಿಲ್ಲ. ಒಳಗೆ ಒಂದು ಶಲ್ಯ ಉಳಿದಿದೆ. ಅದು ಯಾವುದು ಎಂಬುದರಲ್ಲಿ ಪರಂಪರೆಗೆ ಒಮ್ಮತವಿಲ್ಲ. 9ನೆಯ ಶತಮಾನದ ಜಿನಸೇನನ ಪ್ರಕಾರ, ತನ್ನಿಂದ ಭರತನಿಗೆ ನೋವಾಯಿತೆಂಬ ಕೊರಗು. ಇನ್ನೊಂದು ಹೇಳಿಕೆಯ ಪ್ರಕಾರ, ನಿಂತ ನೆಲವೂ ಅಣ್ಣನದೇ ಎಂಬ ಅಭಿಮಾನದ ಮುಳ್ಳು. ಅಣ್ಣನೇ ಬಂದು ಪೂಜಿಸಿದಾಗ ಮಾತ್ರ ಅದು ಕಳಚುತ್ತದೆ. ಏಕಾಂತದ ತಪಸ್ಸಿಗೆ ಆಗದೆ ಹೋದದ್ದು ಎದುರಾಳಿಯ ಬರವಿನಿಂದ ಆಯಿತು.

‘ಶಲ್ಯ’ ಎಂಬ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು. ಅದರ ಮೊದಲ ಅರ್ಥ ಬಾಣದ ಮೊನೆ. ಆಯುರ್ವೇದದಲ್ಲಿ ದೇಹದೊಳಗೆ ಹೊಕ್ಕು ಉಳಿದ ಹೊರವಸ್ತುವೆಲ್ಲ ಶಲ್ಯ. ಅದನ್ನು ಕೀಳುವ ವಿದ್ಯೆಯೇ ಶಲ್ಯತಂತ್ರ. ಜೈನಶಾಸ್ತ್ರದಲ್ಲಿ ಮಾಯೆ, ಮಿಥ್ಯೆ, ನಿದಾನಗಳೆಂಬ ಮೂರು ಶಲ್ಯಗಳು ವ್ರತಿಯ ಮನಸ್ಸಿನಲ್ಲಿ ನಾಟಿಕೊಂಡು ನೋಯಿಸುತ್ತವೆ. ರಣರಂಗದಿಂದ ವೈದ್ಯಶಾಲೆಗೆ, ಅಲ್ಲಿಂದ ಮನಸ್ಸಿಗೆ ಈ ಪದ ನಡೆದು ಬಂದಿದೆ. ಇಂದು ಜಗತ್ತು ಬಳಸುವ ‘ಟ್ರಾಮಾ’ ಎಂಬ ಗ್ರೀಕ್ ಪದವೂ ಮೈಯ ಗಾಯವೆಂಬ ಅರ್ಥದಿಂದ ಹೊರಟು ಮನಸ್ಸಿನ ಗಾಯಕ್ಕೆ ಬಂದದ್ದೇ. ಒಂದು ವ್ಯತ್ಯಾಸ ಮಾತ್ರ ಉಂಟು: ಗ್ರೀಕ್ ಪದವು ತೆರೆದ ಗಾಯವನ್ನು ಹೇಳುತ್ತದೆ, ಶಲ್ಯವು ಮೇಲೆ ಮಾಯ್ದು ಒಳಗೆ ಉಳಿದದ್ದನ್ನು. ಆಧುನಿಕ ಕನ್ನಡವು ‘ಆಘಾತ’ವೆಂಬ, ಹೊಡೆತವನ್ನಷ್ಟೇ ಹೇಳುವ ಪದವನ್ನು ಆರಿಸಿಕೊಂಡು, ಕೈಯಲ್ಲಿದ್ದ ಹೆಚ್ಚು ನಿಖರವಾದ ಪದವನ್ನು ಬಿಟ್ಟಿತು.

ಪಂಪನಾದ ನಾಲ್ಕು ದಶಕಗಳ ಮೇಲೆ, ಕ್ರಿ.ಶ. 981ರ ಸುಮಾರಿಗೆ, ಈ ಬಾಹುಬಲಿಯನ್ನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಡೆಯಿಸಿದವನು ಗಂಗರ ಸೇನಾನಿ ಚಾವುಂಡರಾಯ. ಸಮರಪರಶುರಾಮ, ರಣರಂಗಸಿಂಗ ಎಂಬ ಅವನ ಬಿರುದುಗಳು ಒಂದೊಂದು ಕಾಳಗದಲ್ಲಿ ಗಳಿಸಿದವು. ತರುಣ ರನ್ನನಿಗೆ ಆಶ್ರಯವಿತ್ತವನೂ ಅವನೇ. ಜೀವನವೆಲ್ಲ ಕತ್ತಿ ಹಿಡಿದವನು ತನ್ನ ಸಂಪತ್ತನ್ನು ಗೆದ್ದೂ ಮರಳದ ಯೋಧನ ಮೂರ್ತಿಗೆ ಸುರಿದನು. ಅದರ ತೊಡೆತೋಳುಗಳ ಮೇಲೆ ಬಳ್ಳಿಗಳಿವೆ, ಪಾದದ ಬಳಿ ಹುತ್ತಗಳಿವೆ: ಶಲ್ಯ ಇನ್ನೂ ಕಳಚಿರದ ಆ ಒಂದು ವರ್ಷದ ಗುರುತುಗಳು. ಚಾವುಂಡರಾಯನ ಅಭಿಷೇಕದ ಹಾಲು ಮೂರ್ತಿಯ ಪಾದಕ್ಕೆ ಇಳಿಯದೆ, ಗುಳ್ಳಕಾಯಜ್ಜಿಯ ಗಿಂಡಿಯ ಹಾಲು ಇಳಿಯಿತೆಂಬ ಐತಿಹ್ಯವು ಆ ಶಲ್ಯವನ್ನು ಮೂರ್ತಿಯಿಂದ ತೆಗೆದು ಸೇನಾನಿಯ ಎದೆಯಲ್ಲಿಯೇ ಇಟ್ಟಂತಿದೆ.

ಮುಂದಿನ ಶತಮಾನಗಳಲ್ಲಿ ಆಸ್ಥಾನದ ಅಭೇದದ ಕಟ್ಟು ಸಡಿಲಿದಾಗಲೂ ಗೆದ್ದವನ ಗಾಯ ಬಹಳ ಕಾಲ ಕಥೆಯ ಹೊರಗೇ ಉಳಿಯಿತು. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೆ, ಹತ್ತನೆಯ ಪರ್ವಕ್ಕೆ, ಮುಗಿಯುತ್ತದೆ. ಗೆದ್ದೂ ರಾಜ್ಯ ಬೇಡವೆನ್ನುವ ಧರ್ಮರಾಯನ ತಲ್ಲಣವಿರುವುದು ಶಾಂತಿಪರ್ವದಲ್ಲಿ. ಅದನ್ನೂ ಉಳಿದ ಪರ್ವಗಳನ್ನೂ ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಆಶ್ರಯದ ತಿಮ್ಮಣ್ಣ ಕವಿ. ಗಮಕಿಗಳು ಹಳ್ಳಿಹಳ್ಳಿಗಳಲ್ಲಿ ವಾಚಿಸಿದ್ದು ಕುಮಾರವ್ಯಾಸನನ್ನು. ತಿಮ್ಮಣ್ಣನ ಹೆಸರು ಸಾಹಿತ್ಯಚರಿತ್ರೆಗಳಲ್ಲಿದೆ. ಪಟ್ಟಾಭಿಷೇಕದ ಆಚೆಗಿನ ನಾಡನ್ನು ಸಾಮಾನ್ಯ ಓದುಗನ ಮುಂದೆ ಪೂರ್ತಿಯಾಗಿ ತೆರೆದಿಡಲು 1979ರ ‘ಪರ್ವ’ವೇ ಬರಬೇಕಾಯಿತು.

ಅದಕ್ಕೆ ಅರ್ಧ ಶತಮಾನ ಮೊದಲು ಈ ಎಳೆಯನ್ನು ಹಿಡಿದವರು ಬಿ.ಎಂ. ಶ್ರೀಕಂಠಯ್ಯನವರು. ಅವರ ಮೂರು ಪ್ರಸಿದ್ಧ ನಾಟಕಗಳನ್ನು ಒಟ್ಟಿಗಿಟ್ಟು ನೋಡಿದವರು ಕಡಿಮೆ. 1926ರ ‘ಗದಾಯುದ್ಧ ನಾಟಕಂ’ ರನ್ನನ ದುರ್ಯೋಧನನನ್ನು ಗ್ರೀಕ್ ರುದ್ರನಾಟಕದ ಚೌಕಟ್ಟಿಗೆ ತಂದಿತು. 1935ರ ‘ಪಾರಸಿಕರು’ ಈಸ್ಕಿಲಸನ ಆ ಸೋತವರ ನಾಟಕವೇ. ಇವೆರಡರ ನಡುವೆ, 1929ರಲ್ಲಿ, ಬಂದದ್ದು ‘ಅಶ್ವತ್ಥಾಮನ್’. ಮೂರೂ ಯುದ್ಧ ಮುಗಿದ ಮೇಲಿನ ಗಳಿಗೆಯ ನಾಟಕಗಳು. ಮೈಸೂರು ಲ್ಯಾನ್ಸರ್ಸ್ ಪಡೆಯು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿ ಊರಿಗೆ ಮರಳಿದ್ದ ಸಂಸ್ಥಾನದಲ್ಲಿ ಅವು ಹುಟ್ಟಿದವೆಂಬುದನ್ನು ಕಾರಣವೆಂದು ಹೇಳಲಾಗದಿದ್ದರೂ ನೆನಪಿಡುವುದು ತಪ್ಪಲ್ಲ.

‘ಅಶ್ವತ್ಥಾಮನ್’ ನಾಟಕದ ಮೂಲ ಸೊಫೋಕ್ಲೀಸನ ‘ಅಯಾಸ್’. ಸೊಫೋಕ್ಲೀಸ್ ಅಥೆನ್ಸಿನ ಸೇನಾಪತಿಗಳಲ್ಲಿ ಒಬ್ಬನಾಗಿದ್ದವನು. ತನಗಾದ ಅವಮಾನದಿಂದ ಬುದ್ಧಿ ಕೆಟ್ಟು, ದನಕುರಿಗಳನ್ನು ಶತ್ರುಗಳೆಂದು ಕಡಿದುಹಾಕಿ, ಎಚ್ಚತ್ತಾಗ ನಾಚಿಕೆ ತಾಳದೆ ಸಾಯುವ ಯೋಧನ ಕಥೆ ಅದು. 2008ರಿಂದ ಬ್ರಯಾನ್ ಡೋರೀಸ್ ಎಂಬ ನಿರ್ದೇಶಕರು ಅಮೆರಿಕದಲ್ಲಿ ಇರಾಕ್ ಮತ್ತು ಆಫ್ಘಾನಿಸ್ತಾನಗಳಿಂದ ಮರಳಿದ ಸೈನಿಕರ ಹಾಗೂ ಅವರ ಮನೆಯವರ ಮುಂದೆ ವಾಚಿಸಲು ಆರಿಸಿಕೊಂಡ ನಾಟಕಗಳಲ್ಲಿ ಇದೇ ಮುಖ್ಯವಾದದ್ದು. ಶ್ರೀಯವರು ಅದಕ್ಕೆ ಎಂಟು ದಶಕಗಳಷ್ಟು ಮೊದಲೇ ಕನ್ನಡದಲ್ಲಿ ಅಯಾಸನ ಜಾಗಕ್ಕೆ ತಕ್ಕವನನ್ನು ಹುಡುಕ ಹೊರಟಾಗ ಸಿಕ್ಕವನು, ಮಲಗಿದ್ದವರನ್ನು ರಾತ್ರಿಯಲ್ಲಿ ಕೊಂದ ದ್ರೋಣಪುತ್ರ.

ಈ ಆಯ್ಕೆಗೆ ಒಂದು ತೊಡಕಿತ್ತು. ಅಶ್ವತ್ಥಾಮನು ಚಿರಂಜೀವಿ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಕೃಷ್ಣನು ಅವನಿಗೆ ಕೊಡುವುದು ಸಾವನ್ನಲ್ಲ. ಮೂರು ಸಾವಿರ ವರ್ಷಗಳ ಕಾಲ ಕೀವುನೆತ್ತರುಗಳ ನಾತ ಹೊತ್ತು, ಮಾತಾಡಿಸುವವರಿಲ್ಲದೆ, ಒಬ್ಬನೇ ಅಲೆಯುವ ಶಾಪವನ್ನು. ಶ್ರೀಯವರ ಅಶ್ವತ್ಥಾಮನು ಅಯಾಸನಂತೆ ತನ್ನ ಕೈಯಿಂದಲೇ ಸಾಯುತ್ತಾನೆ. ಪುರಾಣವನ್ನು ಕೆಡಿಸಿದರೆಂಬ ಆಕ್ಷೇಪಕ್ಕೆ ಇದು ಎಡೆಮಾಡಿತು. ಗ್ರೀಕ್ ಮೂಲಕ್ಕೆ ನಿಷ್ಠರಾಗಿರಲು ಹೀಗೆ ಮಾಡಬೇಕಾಯಿತೆಂಬ ಸಮಾಧಾನವೂ ಬಂದಿದೆ. ಎರಡು ಅಂತ್ಯಗಳಲ್ಲಿ ಯಾವುದು ಕ್ರೂರವೆಂಬುದನ್ನು ಆ ಚರ್ಚೆ ಕೇಳಲಿಲ್ಲ. ಅಯಾಸನ ನಾಟಕದ ಉತ್ತರಾರ್ಧವೆಲ್ಲ ಅವನ ಹೆಣಕ್ಕೆ ಮಣ್ಣು ಸಿಗಬೇಕೇ ಬೇಡವೇ ಎಂಬ ವಾದ. ಕೊನೆಗೆ ಅವನ ಹಗೆಯಾದ ಒಡಿಸ್ಯೂಸನೇ ಮುಂದೆ ಬಂದು ಮಣ್ಣು ಕೊಡಿಸುತ್ತಾನೆ, ಭರತನು ಬೆಟ್ಟವನ್ನೇರಿ ಬಂದಂತೆ. ವ್ಯಾಸನ ಅಶ್ವತ್ಥಾಮನ ಬಳಿಗೆ ಯಾರೂ ಬರುವುದಿಲ್ಲ.